ಐದು ಆಸ್ಪತ್ರೆಗಳಿಗೆ ಒಂದೇ ಹಾಳೆ: ತುರ್ತು ವಿಭಾಗದ ಫಾರ್ಮಸಿಸ್ಟರು ಕೂಡಿ ಅಧ್ಯಯನಕ್ಕಿಳಿದ ಬಗೆ

ಹಾಸನದ ಆಸ್ಪತ್ರೆಯೊಂದರ ತುರ್ತು ಚಿಕಿತ್ಸಾ ವಿಭಾಗದಲ್ಲಿ ನಾನು ಕ್ಲಿನಿಕಲ್ ಫಾರ್ಮಸಿಸ್ಟ್. ಮುಂಗಾರು ಹಿಡಿದ ಮೇಲೆ ಸಕಲೇಶಪುರ, ಆಲೂರು, ಮೂಡಿಗೆರೆ ಕಡೆಯ ತೋಟ-ಗದ್ದೆಗಳಿಂದ ಹಾವು ಕಚ್ಚಿಸಿಕೊಂಡವರು ಬರುತ್ತಾರೆ. ಪುಡಿಯ ರೂಪದಲ್ಲಿರುವ ಪ್ರತಿವಿಷದ ಒಂದೊಂದು ವಯಲ್‌ಗೂ (ಸಣ್ಣ ಗಾಜಿನ ಸೀಸೆ) 10 ಮಿ.ಲೀ. ಸ್ಟೆರೈಲ್ ನೀರು ಸೇರಿಸಿ ಕರಗಿಸಬೇಕು. ಅವಸರಪಟ್ಟು ಕುಲುಕಿದರೆ ನೊರೆಯೇಳುತ್ತದೆ. ಆದ್ದರಿಂದ ಅಂಗೈಗಳ ನಡುವೆ ಮೆಲ್ಲಗೆ ಹೊರಳಿಸುತ್ತ ಕಾಯಬೇಕು. ಮೊದಲ ಡೋಸಿಗೇ 10 ವಯಲ್ ಬೇಕಾದಾಗ ಆ ಕಾಯುವಿಕೆ ಬಹಳ ದೀರ್ಘವೆನಿಸುತ್ತದೆ. ಒಂದು ರಾತ್ರಿ ರೋಗಿಯ ಮಗ ಬಾಗಿಲಲ್ಲೇ ನಿಂತು, "ಇನ್ನೂ ಎಷ್ಟೊತ್ತು ಮೇಡಂ?" ಎಂದು ಕೇಳಿದ. ವೈದ್ಯರು ಬರೆದ ಕ್ಷಣದಿಂದ ಔಷಧ ರಕ್ತನಾಳ ಸೇರುವವರೆಗೆ ನಮ್ಮಲ್ಲಿ ಎಷ್ಟು ಹೊತ್ತು ಹಿಡಿಯುತ್ತದೆಂಬುದನ್ನು ಯಾರೂ ಅಳೆದಿರಲಿಲ್ಲ.

2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಅಧಿಸೂಚಿಸಿತು. ಆದರೆ ಪ್ರಕರಣಗಳ ಲೆಕ್ಕ ಬೇರೆ, ಔಷಧ ತಡವಾಗುವ ಲೆಕ್ಕ ಬೇರೆ. ನಮ್ಮೊಂದೇ ಆಸ್ಪತ್ರೆಯ ಪ್ರಕರಣಗಳಿಂದ ಏನನ್ನೂ ಖಚಿತವಾಗಿ ಹೇಳುವಂತಿರಲಿಲ್ಲವಾದ್ದರಿಂದ ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಇನ್ನೂ ನಾಲ್ಕು ಆಸ್ಪತ್ರೆಗಳ ಫಾರ್ಮಸಿಸ್ಟರಿಗೆ ಒಬ್ಬೊಬ್ಬರಾಗಿ ಫೋನ್ ಮಾಡಿ, ಈ ಸಮಯವನ್ನು ಒಂದೇ ನಮೂನೆಯಲ್ಲಿ ಬರೆದಿಟ್ಟು ಕೂಡಿ ಅಧ್ಯಯನ ಮಾಡೋಣವೆಂದು ಕೇಳಿದೆ. ತಾಲ್ಲೂಕು ಆಸ್ಪತ್ರೆಯ ಹಿರಿಯ ಫಾರ್ಮಸಿ ಅಧಿಕಾರಿಯೊಬ್ಬರು, "ನೋಡಮ್ಮಾ, ಇಂಡೆಂಟು, ಸ್ಟಾಕು ಅಂತಲೇ ನಮ್ಮ ದಿನ ಮುಗಿಯುತ್ತೆ. ಒಂದು ಹಾಳೆಗಿಂತ ಹೆಚ್ಚು ಬರೆಸಬೇಡ," ಎಂದರು. ನಮ್ಮ ನಮೂನೆ ಇಂದಿಗೂ ಒಂದೇ ಹಾಳೆಯಲ್ಲಿದೆ.

ಮೊದಲ ಮೂರು ತಿಂಗಳ ಮಾಹಿತಿಯನ್ನು ನಾವು ಪೂರ್ತಿ ಕೈಬಿಡಬೇಕಾಯಿತು. 'ಔಷಧ ಕೊಟ್ಟ ಸಮಯ' ಎಂಬ ಕಾಲಮ್ಮಿನಲ್ಲಿ ಒಬ್ಬರು ಇಂಡೆಂಟ್ (ಔಷಧದ ಬೇಡಿಕೆ ಚೀಟಿ) ಕೈಸೇರಿದ ಹೊತ್ತನ್ನೂ, ಇನ್ನೊಬ್ಬರು ವಯಲ್‌ಗಳನ್ನು ನರ್ಸ್ ಕೈಗೆ ಒಪ್ಪಿಸಿದ ಹೊತ್ತನ್ನೂ, ಮತ್ತೊಬ್ಬರು ಡ್ರಿಪ್ ಶುರುವಾದ ಹೊತ್ತನ್ನೂ ಬರೆದಿದ್ದರು. ಅವರಲ್ಲಿ ಯಾರದೂ ತಪ್ಪಿರಲಿಲ್ಲ. ಆ ಪದಗಳನ್ನು ಬಿಡಿಸಿ ಹೇಳದೆ ನಮೂನೆ ಬರೆದವಳು ನಾನು. ಒಂದು ಭಾನುವಾರ ಎಲ್ಲರೂ ಹಾಸನದಲ್ಲಿ ಸೇರಿ, ಆ ಒಂದು ಕಾಲಮ್ಮನ್ನು ನಾಲ್ಕಾಗಿ ಒಡೆದು, ವೈದ್ಯರ ಆದೇಶ, ಫಾರ್ಮಸಿಯಿಂದ ಬಿಡುಗಡೆ, ಕರಗಿಸಿ ಮುಗಿದದ್ದು, ಡ್ರಿಪ್ ಆರಂಭ ಎಂದು ಪ್ರತಿಯೊಂದಕ್ಕೂ ಒಂದೊಂದು ವಾಕ್ಯದ ವಿವರಣೆ ಬರೆದೆವು. ಬಳಿಕ ಎರಡು ಹಳೆಯ ಕೇಸ್ ಶೀಟ್‌ಗಳ ಹೆಸರು ಮರೆಮಾಡಿದ ಪ್ರತಿಗಳನ್ನು ಐವರೂ ಪ್ರತ್ಯೇಕವಾಗಿ ಓದಿ ಹಾಳೆ ತುಂಬಿಸಿ, ಉತ್ತರಗಳು ತಾಳೆಯಾಗುವವರೆಗೆ ಆ ವಿವರಣೆಗಳನ್ನು ತಿದ್ದಿದೆವು. ಹೊಸದಾಗಿ ಇಂಥ ಕೆಲಸಕ್ಕೆ ಇಳಿಯುವವರು ಮಾಹಿತಿ ಸಂಗ್ರಹಕ್ಕೆ ಮೊದಲೇ ಈ ಒಂದು ದಿನವನ್ನು ತೆಗೆದಿಡಬೇಕೆಂದು ನಾನು ಒತ್ತಿ ಹೇಳುತ್ತೇನೆ.

ಅನುಮತಿಯ ವಿಷಯ ಹೆದರಿದಷ್ಟು ಕಠಿಣವಾಗಲಿಲ್ಲ. ಸಂಶೋಧನೆಯನ್ನು ಪರಿಶೀಲಿಸಿ ಅನುಮತಿ ಕೊಡುವ ನೈತಿಕ ಸಮಿತಿ ಸ್ವಂತದ್ದಿಲ್ಲದ ಸಂಸ್ಥೆಗಳು ಒಪ್ಪಂದ ಮಾಡಿಕೊಂಡು ಬೇರೊಂದು ಸಂಸ್ಥೆಯ ಸಮಿತಿಯ ನೆರವು ಪಡೆಯಲು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯಲ್ಲಿ ಅವಕಾಶವಿದೆ. ರೋಗಿಯ ಹೆಸರಿನ ಬದಲು ಸಂಖ್ಯೆ ಹಾಕಿದೆವು. ಊರಿನ ಹೆಸರನ್ನೂ ಬಿಟ್ಟೆವು, ಏಕೆಂದರೆ ಮಲೆನಾಡಿನ ಸಣ್ಣ ಊರೊಂದರಲ್ಲಿ ತಾರೀಕು ಗೊತ್ತಾದರೆ ಸಾಕು, ಯಾರಿಗೆ ಹಾವು ಕಚ್ಚಿತ್ತೆಂದು ಎಲ್ಲರಿಗೂ ತಿಳಿಯುತ್ತದೆ. ಲೇಖನದಲ್ಲಿ ಯಾರ ಹೆಸರು ಯಾವ ಕೆಲಸಕ್ಕಾಗಿ ಬರಬೇಕೆಂಬುದನ್ನೂ ಮೊದಲೇ ಬರೆದು ಸಹಿ ಹಾಕಿದೆವು. ರಾತ್ರಿ ಪಾಳಿಯಲ್ಲಿ ಹಾಳೆ ತುಂಬಿಸಿದವರ ದುಡಿಮೆ ಕಡೆಗೆ ಇನ್ನೊಬ್ಬರ ಹೆಸರಿನಲ್ಲಿ ಅಚ್ಚಾಗುವುದು ನನಗೆ ಸಹಿಸಲಾಗದ ಅನ್ಯಾಯ.

ಮುಂದಿನ ಪ್ರಶ್ನೆ ಮೂಡಿಗೆರೆ ಕಡೆಯ ಕಿರಿಯ ಸಹೋದ್ಯೋಗಿಯದು. ನಮ್ಮಲ್ಲಿ ಸಿಗುವ ಪ್ರತಿವಿಷ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲಗಳ ವಿಷಕ್ಕಾಗಿ ತಯಾರಾದದ್ದು. ಘಟ್ಟದ ಗುಳಿಮಂಡಲಗಳ (ಪಿಟ್ ವೈಪರ್ ಎಂಬ ವಿಷದ ಹಾವುಗಳು) ವಿಷಕ್ಕಾಗಿ ಅಲ್ಲ. ಅಂಥ ಕಡಿತಗಳಿಗೆ ನಾವು ಎಷ್ಟು ವಯಲ್ ಬಳಸುತ್ತಿದ್ದೇವೆ ಎಂದು ಅವರು ಕೇಳುತ್ತಿದ್ದಾರೆ. ಅದರ ಹಾಳೆಯನ್ನು ಈ ಬಾರಿ ಅವರೇ ಬರೆಯುತ್ತಿದ್ದು, ಹಾವಿನ ಫೋಟೊ ಇದೆಯೇ, ಅದನ್ನು ಗುರುತಿಸಿದವರು ಯಾರು ಎಂಬುದು ಮೊದಲ ಕಾಲಮ್ಮಿನಲ್ಲಿದೆ.