ಊರಿನದೇ ವೈಫೈ ಜಾಲ: ಮೊದಲ ಕಂಬ ಎಲ್ಲಿ ನೆಡಬೇಕು?

ಕಂಬಗಳ ಮೇಲೆ ರೂಟರ್ ಕೂರಿಸಿ ಒಂದಕ್ಕೊಂದು ಜೋಡಿಸಿದರೆ ಇಂಟರ್ನೆಟ್ ಇಲ್ಲದೆಯೂ ಊರಿನ ಮಾತು, ಹಾಡು, ಮಾಹಿತಿ ಎಲ್ಲರ ಫೋನಿಗೆ ತಲುಪುತ್ತದೆ. ಆದರೆ ರೇಡಿಯೊ ಅಲೆಗೆ ಎತ್ತರ ಬೇಕು. ಊರಲ್ಲಿ ಎತ್ತರದ ತಾರಸಿ ಇರುವುದು ಉಳ್ಳವರ ಮನೆಗೆ. ಸಿಗ್ನಲ್ ಒಂದನ್ನೇ ನೋಡಿಕೊಂಡು ರೂಟರ್ ಕೂರಿಸುತ್ತ ಹೋದರೆ ತಾರಸಿಯ ಬೀಗದ ಕೈ ಅವರ ಬಳಿಯೇ ಉಳಿಯುತ್ತದೆ. ರೂಟರ್ ನಿಂತುಹೋದ ದಿನ ಕೆಳಗಿನ ಕೇರಿಯವರು ಆ ಮನೆಯ ಬಾಗಿಲಲ್ಲಿ ಕಾಯಬೇಕಾಗುತ್ತದೆ. ಆದ್ದರಿಂದ ಮೊದಲ ಮೂರು ಕಂಬಗಳು ಶಾಲೆ, ಅಂಗನವಾಡಿ, ಪಂಚಾಯತಿಯ ಅರಿವು ಕೇಂದ್ರದಂಥ (ಗ್ರಂಥಾಲಯ) ಎಲ್ಲರ ಜಾಗದಲ್ಲೇ ಇರಲಿ. ಎತ್ತರ ಸಾಲದಿದ್ದರೆ ಇನ್ನೊಂದು ಜಿಐ ಪೈಪು ಜೋಡಿಸಿ, ಮೂರು ಕಡೆ ತಂತಿ ಎಳೆದು ಬಿಗಿಯಿರಿ. ಉಳ್ಳವರ ತಾರಸಿಗೆ ಹೋಗುವುದಕ್ಕಿಂತ ಪೈಪು ಅಗ್ಗ. ಪ್ರತಿ ಕಂಬಕ್ಕೂ ಬೇರೆ ಬೇರೆ ಕೇರಿಯ ಇಬ್ಬರ ಬಳಿ ಕೀಲಿ ಇರಬೇಕು.

ಸಾಮಾನು ಕೊಳ್ಳುವ ಮೊದಲು ಊರು ಸುತ್ತಿ. ಪ್ರತಿ ಕೇರಿಯಿಂದ ಒಬ್ಬರು, ಸ್ತ್ರೀಶಕ್ತಿ ಗುಂಪಿನಿಂದ ಒಬ್ಬರು ಜತೆಗಿರಲಿ. ಕೈಯಲ್ಲಿ ಬಿಡಿಸಿದ ನಕ್ಷೆಯಲ್ಲಿ ಮರ, ಕರೆಂಟು, ಕಟ್ಟಡದ ಎತ್ತರದ ಜತೆಗೆ ಯಾವ ಜಾಗದಲ್ಲಿ ಯಾರು ಎಷ್ಟು ಹೊತ್ತು ನಿಲ್ಲಬಲ್ಲರು ಎಂಬುದನ್ನೂ ಗುರುತಿಸಿ. ಅರಳಿಕಟ್ಟೆಯಲ್ಲಿ ಸಿಗ್ನಲ್ ಎಷ್ಟೇ ಚೆನ್ನಾಗಿದ್ದರೂ ಸಂಜೆ ಏಳಕ್ಕೆ ಹೆಣ್ಣುಮಕ್ಕಳು ಅಲ್ಲಿ ಕೂರುವುದಿಲ್ಲ.

ಎರಡು ಕಂಬಗಳು ಒಂದಕ್ಕೊಂದು ಕಣ್ಣಿಗೆ ಕಂಡರೆ ಸಾಲದು. ಅಲೆ ದಾರದಂತೆ ಹೋಗುವುದಿಲ್ಲ, ನಡುವೆ ಉಬ್ಬಿಕೊಂಡು ಹೋಗುತ್ತದೆ. 5 ಗಿಗಾಹರ್ಟ್ಸ್‌ನಲ್ಲಿ 1 ಕಿ.ಮೀ. ದೂರಕ್ಕೆ ನಟ್ಟನಡುವೆ ಆ ಉಬ್ಬಿನ ತ್ರಿಜ್ಯ ಸುಮಾರು ಮೂರೂಮುಕ್ಕಾಲು ಮೀಟರ್. ನೇರ ಗೆರೆಯ ಸುತ್ತ ಕಡೇಪಕ್ಷ ಎರಡೂಕಾಲು ಮೀಟರ್ ಖಾಲಿ ಇರಬೇಕು. ಅಡಿಕೆ, ತೆಂಗಿನ ಗರಿ ನೆನೆದಾಗ ಅಲೆಯನ್ನು ಹೀರಿಕೊಳ್ಳುತ್ತದೆ. ಏಪ್ರಿಲ್‌ನಲ್ಲಿ ಓಡಿದ ಕೊಂಡಿ ಜುಲೈನಲ್ಲಿ ಕಡಿಯುವುದು ಇದಕ್ಕೇ. ಒಂದು ಮಳೆಯಲ್ಲಿ ಪರೀಕ್ಷಿಸದೆ ಕಂಬಕ್ಕೆ ಕಾಂಕ್ರೀಟು ಹಾಕಬೇಡಿ.

ರೂಟರುಗಳು ಎರಡು ಬ್ಯಾಂಡಿನವು (2.4 ಮತ್ತು 5 ಗಿಗಾಹರ್ಟ್ಸ್), ಹೊರಾಂಗಣದವು, ರೂಟರಿಗೆ ಹಾಕುವ ಮುಕ್ತ ತಂತ್ರಾಂಶವಾದ ಓಪನ್‌ಡಬ್ಲ್ಯುಆರ್‌ಟಿ ಒಪ್ಪುವ ಮಾದರಿಯವು ಆಗಿರಲಿ; 16 ಎಂಬಿ ಫ್ಲಾಶ್, 128 ಎಂಬಿ ರ‍್ಯಾಮ್‌ಗಿಂತ ಕಡಿಮೆ ಬೇಡ. ಅದರ ಮೇಲೆ ಊರಿನ ಜಾಲಗಳಿಗೆಂದೇ ಮಾಡಿದ ಲಿಬ್ರೆಮೆಶ್ ತಂತ್ರಾಂಶ ಹಾಕಿದರೆ ರೂಟರುಗಳು ತಾವೇ ಒಂದನ್ನೊಂದು ಗುರುತಿಸಿ ದಾರಿ ಹುಡುಕಿಕೊಳ್ಳುತ್ತವೆ. 5 ಗಿಗಾಹರ್ಟ್ಸ್ ಕಂಬಗಳ ನಡುವಿನ ಮಾತಿಗೆ, 2.4 ಫೋನುಗಳಿಗೆ. ಒಂದೇ ರೇಡಿಯೊದಲ್ಲಿ ಎರಡನ್ನೂ ಮಾಡಿದರೆ ಒಂದು ಕಂಬದಿಂದ ಇನ್ನೊಂದಕ್ಕೆ ಹೋಗುವ ಪ್ರತಿ ಜಿಗಿತಕ್ಕೂ ವೇಗ ಸುಮಾರು ಅರ್ಧಕ್ಕಿಳಿಯುತ್ತದೆ. 2.4ರಲ್ಲಿ 1, 6, 11 ಬಿಟ್ಟು ಬೇರೆ ಚಾನೆಲ್ ಮುಟ್ಟಬೇಡಿ. ಭಾರತದಲ್ಲಿ 5 ಗಿಗಾಹರ್ಟ್ಸ್‌ನ ವೈಫೈ ಪಟ್ಟಿಗಳು 2018ರಿಂದ ಲೈಸೆನ್ಸ್‌ಮುಕ್ತ. ಆದರೆ ರೂಟರಿನಲ್ಲಿ ದೇಶ ಭಾರತ ಎಂದೇ ಇಟ್ಟು, ಪವರ್ ಮಿತಿಯೊಳಗಿರಲಿ.

ಕೇಬಲ್ಲಿನಲ್ಲಿ ಕಂಜೂಸಿ ಮಾಡಿದವರು ಎರಡು ಸಲ ಕೊಳ್ಳುತ್ತಾರೆ. ಶುದ್ಧ ತಾಮ್ರದ ಹೊರಾಂಗಣ ಕ್ಯಾಟ್6 ಕೇಳಿ. ತಾಮ್ರದ ಲೇಪವಿರುವ ಅಲ್ಯೂಮಿನಿಯಂ ತಂತಿಯಲ್ಲಿ ವೋಲ್ಟೇಜು ಬಿದ್ದು ರೂಟರ್ ರಾತ್ರಿಯಿಡೀ ರೀಸ್ಟಾರ್ಟ್ ಆಗುತ್ತಿರುತ್ತದೆ, ನೀವು ಸಾಫ್ಟ್‌ವೇರನ್ನು ಬೈಯುತ್ತಿರುತ್ತೀರಿ. ಪಿಒಇ ಅಡಾಪ್ಟರಿನ (ಇದೇ ಕೇಬಲ್ಲಿನಲ್ಲಿ ರೂಟರಿಗೆ ಕರೆಂಟು ಕಳಿಸುವುದು) ಮೇಲೆ 24 ವೋಲ್ಟೋ 48 ವೋಲ್ಟೋ ಎಂದು ಪೇಂಟಿನಲ್ಲಿ ದೊಡ್ಡದಾಗಿ ಬರೆಯಿರಿ. ಅದಲುಬದಲಾದರೆ ರೂಟರ್ ಸುಡಬಹುದು. ಕನೆಕ್ಟರ್ ಕೆಳಮುಖವಾಗಿರಲಿ, ಕೇಬಲ್ ಒಳಗೆ ಹೋಗುವ ಮುನ್ನ ಜೋತುಬಿದ್ದ ಒಂದು ಸುತ್ತು ಬಿಡಿ, ನೀರು ಅಲ್ಲೇ ತೊಟ್ಟಿಕ್ಕುತ್ತದೆ. ಕೋತಿ ಕಾಟವಿದ್ದರೆ ಎಚ್‌ಡಿಪಿಇ ಪೈಪಿನೊಳಗೆ ಎಳೆಯಿರಿ. ಕಂಬಕ್ಕೆ ಅರ್ಥಿಂಗ್, ಕೇಬಲ್ಲಿಗೆ ಸಿಡಿಲಿನ ಹೊಡೆತ ತಗ್ಗಿಸುವ ಸರ್ಜ್ ಪ್ರೊಟೆಕ್ಟರ್ ಕಡ್ಡಾಯ.

8 ವ್ಯಾಟಿನ ರೂಟರ್ ದಿನಕ್ಕೆ 192 ವ್ಯಾಟ್-ಅವರ್ ತಿನ್ನುತ್ತದೆ. ತಿಂಗಳಿಗೆ ಆರು ಯೂನಿಟ್‌ಗೆ ತುಸು ಕಡಿಮೆ. ಈ ಲೆಕ್ಕವನ್ನು ಸಭೆಯಲ್ಲಿ ಓದಿ ಹೇಳಿದರೆ ಕರೆಂಟ್ ಬಿಲ್ಲಿನ ಜಗಳ ಹುಟ್ಟುವುದೇ ಇಲ್ಲ. 12 ವೋಲ್ಟ್, 40 ಆಂಪಿಯರ್-ಅವರ್ ಲೆಡ್ ಆಸಿಡ್ ಬ್ಯಾಟರಿಯಲ್ಲಿ 480 ವ್ಯಾಟ್-ಅವರ್ ಇದ್ದರೂ ಅರ್ಧಕ್ಕಿಂತ ಇಳಿಸಿದರೆ ಅದರ ಆಯುಸ್ಸು ಕುಗ್ಗುತ್ತದೆ. ಅಂದರೆ ಕರೆಂಟಿಲ್ಲದೆ ಒಂದು ದಿನ ನಡೆಯುತ್ತದೆ.

ಊರಿನ ಪುಟ, ಧ್ವನಿಗಳನ್ನು ಇಟ್ಟುಕೊಳ್ಳುವ ಸರ್ವರಿಗೆ ಪುಟ್ಟ ಕಂಪ್ಯೂಟರ್ ಆದ 4 ಜಿಬಿಯ ರಾಸ್ಪ್‌ಬೆರಿ ಪೈ 4 ಸಾಕು. ಮೆಮೊರಿ ಕಾರ್ಡ್ ಬದಲು ಎಸ್‌ಎಸ್‌ಡಿ ಬಳಸಿ, ಪದೇ ಪದೇ ಕರೆಂಟು ಹೋದರೆ ಕಾರ್ಡು ಕೆಡುತ್ತದೆ. ಕಿವಿಕ್ಸ್ ಎಂಬ ತಂತ್ರಾಂಶದಲ್ಲಿ ಕನ್ನಡ ವಿಕಿಪೀಡಿಯ ಇಂಟರ್ನೆಟ್ಟಿಲ್ಲದೆಯೂ ಓದಲು ಸಿಗುತ್ತದೆ. ಆದರೆ ಓದಲು ಬಾರದವರಿಗೆ ಊರಿನದೇ ಧ್ವನಿ ಬೇಕು: ಔಷಧಿ ಸೊಪ್ಪಿನ ವಿವರ, ಸೋಬಾನೆ ಹಾಡು, ಗ್ರಾಮಸಭೆಯ ನಿರ್ಣಯ. ಧ್ವನಿಯನ್ನು ಕುಗ್ಗಿಸಿಡುವ ಓಪಸ್ ಮಾದರಿಯಲ್ಲಿ, ಸೆಕೆಂಡಿಗೆ 24 ಕಿಲೋಬಿಟ್ ಇಟ್ಟರೆ ಒಂದು ಗಂಟೆಯ ಮಾತು 11 ಎಂಬಿಯೊಳಗೆ ಮುಗಿಯುತ್ತದೆ. ಮುಖಪುಟದಲ್ಲಿ ದೊಡ್ಡ ಚಿತ್ರಗಳಿರಲಿ, ಒತ್ತಿದರೆ ಧ್ವನಿ ಬರಲಿ. ಕಣ್ಣು ಕಾಣದವರ ಸ್ಕ್ರೀನ್ ರೀಡರ್ ಓದುವಂತೆ ಪ್ರತಿ ಚಿತ್ರಕ್ಕೂ ಕನ್ನಡದಲ್ಲಿ ವಿವರಣೆ ಬರೆಯಿರಿ. ಸ್ಮಾರ್ಟ್‌ಫೋನ್ ಇಲ್ಲದವರಿಗೆ ಅರಿವು ಕೇಂದ್ರದಲ್ಲೊಂದು, ಅಂಗನವಾಡಿಯಲ್ಲೊಂದು ಟ್ಯಾಬ್ ಇಡಿ.

ಇಲ್ಲಿ ಎಲ್ಲರೂ ಎಡವುವ ಎರಡು ಕಡೆಗಳಿವೆ. ಇಂಟರ್ನೆಟ್ ಇಲ್ಲದ ವೈಫೈ ಕಂಡರೆ ಫೋನು ಹೇಳದೆ ಕೇಳದೆ ಮೊಬೈಲ್ ಡೇಟಾಕ್ಕೆ ಹಾರುತ್ತದೆ. ಹಾಗಾಗಿ ಡೇಟಾ ಆಫ್ ಮಾಡುವುದನ್ನು ಮೊದಲ ಪಾಠದಲ್ಲೇ ಕಲಿಸಿ. ಇನ್ನು, ಎಚ್‌ಟಿಟಿಪಿಎಸ್ (ಸುರಕ್ಷಿತ ಸಂಪರ್ಕ) ಇಲ್ಲದ ಪುಟಕ್ಕೆ ಬ್ರೌಸರ್ ಮೈಕ್ ಕೊಡುವುದಿಲ್ಲ. ಫೋನಿನ ರೆಕಾರ್ಡರಿನಲ್ಲೇ ಧ್ವನಿ ತುಂಬಿ ಆಮೇಲೆ ಅಪ್‌ಲೋಡ್ ಮಾಡುವುದು ಸುಲಭ.

ದುಡ್ಡು ಪಡೆದು ಇಂಟರ್ನೆಟ್ ಹಂಚುವ ಯೋಚನೆಯಿದ್ದರೆ ಮನೆಯ ಬ್ರಾಡ್‌ಬ್ಯಾಂಡನ್ನು ಹಾಗೇ ಮಾರಬೇಡಿ. 2020ರ ಡಿಸೆಂಬರಿನಲ್ಲಿ ಒಪ್ಪಿಗೆ ಪಡೆದ ಪಿಎಂ-ವಾಣಿ ಎಂಬ ಕೇಂದ್ರ ಸರ್ಕಾರದ ಸಾರ್ವಜನಿಕ ವೈಫೈ ಯೋಜನೆಯಲ್ಲಿ ಲೈಸೆನ್ಸ್ ಇಲ್ಲದೆಯೇ ಪಿಡಿಒ ಆಗಬಹುದು. ಪಂಚಾಯತಿಯ ಪಿಡಿಒ ಅಲ್ಲ, ಇದು ಪಬ್ಲಿಕ್ ಡೇಟಾ ಆಫೀಸ್. ಸಭೆಯಲ್ಲಿ ಈ ಗೊಂದಲ ಬಂದೇ ಬರುತ್ತದೆ.

ಕೊನೆಗೆ, ಮೇಲೆ ಹೇಳಿದ ತಂತ್ರಾಂಶ ತುಂಬಿಟ್ಟ ಒಂದು ಹೆಚ್ಚುವರಿ ರೂಟರ್, ಕೇಬಲ್ಲಿಗೆ ಕನೆಕ್ಟರ್ ಒತ್ತುವ ಕ್ರಿಂಪಿಂಗ್ ಟೂಲ್, ಪಾಸ್‌ವರ್ಡ್ ಬರೆದ ಮುಚ್ಚಿದ ಲಕೋಟೆ, ರಿಪೇರಿ ದಾಖಲೆಯ ನೋಟ್‌ಬುಕ್ಕು ಇವಿಷ್ಟೂ ಅರಿವು ಕೇಂದ್ರದ ಬೀರುವಿನಲ್ಲಿರಲಿ. ಕನೆಕ್ಟರ್ ಹಾಕುವುದನ್ನು ಕಡೇಪಕ್ಷ ನಾಲ್ವರು ಕಲಿಯಲಿ, ಅದರಲ್ಲಿ ಇಬ್ಬರು ಹೆಂಗಸರು. ಓದು, ಕೆಲಸವೆಂದು ಊರು ಬಿಟ್ಟು ಹೋಗುವ ಹುಡುಗರ ಕೈಗೆ ಪೂರ್ತಿ ಜಾಲ ಒಪ್ಪಿಸಿದರೆ ಜೂನ್‌ನಲ್ಲಿ ಅದು ಅನಾಥವಾಗುತ್ತದೆ.