ಮನೆಯ ವರದಿ, ಶಾಲೆಯ ವರದಿ ಹೊಂದದಿದ್ದಾಗ: ಎಡಿಎಚ್‌ಡಿ ತಪಾಸಣೆಯಲ್ಲಿ ನನ್ನ ಅನುಭವ

ಎಡಿಎಚ್‌ಡಿ, ಅಂದರೆ ಗಮನ ಕೊರತೆ ಮತ್ತು ಅತಿ ಚಟುವಟಿಕೆಯ ತೊಂದರೆ, ಇದೆಯೆಂದು ಖಚಿತಪಡಿಸುವ ರಕ್ತಪರೀಕ್ಷೆಯಾಗಲಿ ಸ್ಕ್ಯಾನ್ ಆಗಲಿ ಇಲ್ಲದಿರುವುದರಿಂದ, ಮಕ್ಕಳ ಮನೋವೈದ್ಯನಾದ ನಾನು ಬಹುಮಟ್ಟಿಗೆ ಬೇರೆಯವರ ಮಾತನ್ನೇ ನೆಚ್ಚಬೇಕಾಗುತ್ತದೆ. ಮಗು ನನ್ನೆದುರು ಶಾಂತವಾಗಿ ಕುಳಿತಿತೆಂಬುದಕ್ಕೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ. ಹೊಸ ಜಾಗದಲ್ಲಿ, ತನ್ನ ಮಾತನ್ನಷ್ಟೇ ಕೇಳುವ ದೊಡ್ಡವರೊಬ್ಬರ ಮುಂದೆ, ತೀವ್ರ ತೊಂದರೆಯಿರುವ ಮಗುವೂ ಸ್ವಲ್ಪ ಹೊತ್ತು ಹಿಡಿತದಲ್ಲಿರಬಲ್ಲದು.

ಅಮೆರಿಕದ ಮನೋವೈದ್ಯರ ಸಂಘದ ರೋಗನಿರ್ಣಯ ಕೈಪಿಡಿಯಾದ 2013ರ ಡಿಎಸ್‌ಎಂ-5 ಪ್ರಕಾರ ಮಕ್ಕಳಲ್ಲಿ, ಗಮನ ಕೊರತೆಯ 9 ಲಕ್ಷಣಗಳಲ್ಲಾಗಲಿ ಅತಿ ಚಟುವಟಿಕೆ ಮತ್ತು ದುಡುಕಿನ 9 ಲಕ್ಷಣಗಳಲ್ಲಾಗಲಿ ಕನಿಷ್ಠ 6 ಲಕ್ಷಣಗಳು 6 ತಿಂಗಳಿಂದ ಇರಬೇಕು; ಹಲವು ಲಕ್ಷಣಗಳು 12 ವರ್ಷಕ್ಕೆ ಮೊದಲೇ, ಎರಡು ಅಥವಾ ಹೆಚ್ಚಿನ ಕಡೆಗಳಲ್ಲಿ ಕಾಣಿಸಿರಬೇಕು. ಆ ಕೊನೆಯ ಷರತ್ತೇ ನನ್ನನ್ನು ಹೆಚ್ಚು ಕಾಡುವುದು. ಲಕ್ಷಣಗಳಿಗೆ ಅಂಕ ಕೊಡುವ ಪ್ರಶ್ನಾವಳಿಯನ್ನು ತಂದೆತಾಯಿ ತುಂಬಿದಾಗ ಅಂಕ ಮೇಲೇರಿದ್ದರೆ ಶಿಕ್ಷಕರದರಲ್ಲಿ ಕೆಳಗಿರುತ್ತದೆ, ಇಲ್ಲವೇ ತಿರುವುಮುರುವು. ಇವೆರಡರ ಸರಾಸರಿ ತೆಗೆಯುವುದು ನನ್ನ ದೃಷ್ಟಿಯಲ್ಲಿ ಅರ್ಥಹೀನ. ತೊಂದರೆ ಶಾಲೆಯಲ್ಲಷ್ಟೇ ಇದ್ದರೆ ಕಲಿಕಾ ನ್ಯೂನತೆಯನ್ನೂ ಸಹಪಾಠಿಗಳ ಪೀಡನೆಯನ್ನೂ, ಮನೆಯಲ್ಲಷ್ಟೇ ಇದ್ದರೆ ಅಲ್ಲಿನ ಕಲಹವನ್ನೂ ದಿನಚರಿಯನ್ನೂ ಮೊದಲು ವಿಚಾರಿಸುತ್ತೇನೆ.

ನನಗೆ ಅಂಕಗಳಿಗಿಂತ ಹೆಚ್ಚು ನೆರವಾಗಿರುವುದು ಶಾಲೆಯ ನೋಟ್‌ಬುಕ್. ಪುಟದ ಮೊದಲ ಸಾಲುಗಳು ನೇರವಾಗಿದ್ದು, ಕೆಳಗಿಳಿದಂತೆ ಪದಗಳು ಬಿಟ್ಟುಹೋಗಿ, ಕೂಡುವ ಲೆಕ್ಕವನ್ನು ಕಳೆದು, ಕೊನೆಯ ಪ್ರಶ್ನೆ ಅರ್ಧಕ್ಕೇ ನಿಂತಿದ್ದರೆ ಗಮನ ಜಾರಿದೆಯೆಂದು ಶಂಕಿಸುತ್ತೇನೆ; ಮೊದಲ ಸಾಲಿನಿಂದಲೇ ಕಾಗುಣಿತ ಎಡವಿದ್ದರೆ ಓದುಬರಹದ ತೊಂದರೆಯತ್ತ ತಿರುಗುತ್ತೇನೆ. ಇದು ಸುಳಿವೇ ಹೊರತು ಪರೀಕ್ಷೆಯಲ್ಲ, ಏಕೆಂದರೆ ಎರಡೂ ಒಂದೇ ಮಗುವಿನಲ್ಲಿ ಇರುವುದು ಸಾಮಾನ್ಯ.

ಗೊರಕೆ, ನಿದ್ರೆ, ಶ್ರವಣ, ಕ್ಷಣಕಾಲ ದಿಟ್ಟಿ ನೆಟ್ಟು ಸ್ತಬ್ಧವಾಗುವ ಬಗೆಯ ಅಪಸ್ಮಾರ, ಆತಂಕ ಇವುಗಳ ತೊಂದರೆಯೂ ಎಡಿಎಚ್‌ಡಿಯಂತೆ ತೋರಬಹುದಾದ್ದರಿಂದ, ಇವನ್ನೆಲ್ಲ ಕೇಳಿಯೇ ಮುಂದುವರಿಯುತ್ತೇನೆ. ಯಾರಿಗೂ ಉಪದ್ರವ ಕೊಡದೆ ಕಿಟಕಿಯಾಚೆ ನೋಡುತ್ತ ಕೂರುವ ಮಕ್ಕಳು, ಅದರಲ್ಲೂ ಹುಡುಗಿಯರು, ನಮ್ಮ ಬಳಿ ಬರುವುದು ತಡವಾಗಿಯೇ. ದೂರು ಹುಟ್ಟುವುದು ಗದ್ದಲದಿಂದ ತಾನೇ! ತರಗತಿಯಲ್ಲಿ ಎಲ್ಲರಿಗಿಂತ ಕಿರಿಯ ಮಗುವಿನ ವಿಷಯದಲ್ಲಿ ಅಪಾಯ ತದ್ವಿರುದ್ಧ: ವಯಸ್ಸಿಗೆ ಸಹಜವಾದ ಚಂಚಲತೆಯೇ ರೋಗವೆನಿಸಿಬಿಡಬಹುದು.

ಇಷ್ಟಾದರೂ ಸ್ಪಷ್ಟವಾಗದಿದ್ದರೆ ರೋಗನಿರ್ಣಯ ಬಾಕಿಯಿದೆಯೆಂದೇ ಬರೆದು ಕೆಲವು ತಿಂಗಳ ನಂತರ ಮತ್ತೆ ನೋಡುತ್ತೇನೆ. ಅಂದೇ ಉತ್ತರ ಬಯಸುವ ತಂದೆತಾಯಿಗೆ ಇದು ಹಿಡಿಸುವುದಿಲ್ಲ. ಆದರೆ ಮುಂದಿನ ಸಾಲಿನಲ್ಲಿ ಕೂರಿಸಲು, ಕೆಲಸವನ್ನು ಚಿಕ್ಕ ಭಾಗಗಳಾಗಿ ಕೊಡಲು ರೋಗದ ಹೆಸರು ಬೇಕಿಲ್ಲವಾದ್ದರಿಂದ, ಆ ಸಲಹೆಗಳನ್ನು ಶಿಕ್ಷಕರಿಗೆ ಅಂದೇ ಬರೆದುಕೊಡುತ್ತೇನೆ.