ದುಬೈ ಕೆಲಸ ನೋಟಿಸ್ ಮುಗಿಸದೆ ಬಿಡಬೇಕಾದರೆ

2023ರ ಮಾರ್ಚ್‌ನಲ್ಲಿ ಅವ್ವ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ನಾನು ಆಗ ದುಬೈನ ಒಂದು ಎಸಿ ಕಂಪನಿಯಲ್ಲಿ ಸ್ಟೋರ್ ನೋಡಿಕೊಳ್ಳುತ್ತಿದ್ದೆ. ನೋಟಿಸ್, ಅಂದರೆ ಬಿಡುತ್ತೇನೆ ಅಂತ ಹೇಳಿದ ಮೇಲೂ ಕೆಲಸ ಮಾಡಬೇಕಾದ ಅವಧಿ, 60 ದಿನ. ದಾವಣಗೆರೆ ಮನೆಯಲ್ಲಿ ಅವ್ವನ ಜೊತೆ ಯಾರೂ ಇಲ್ಲ. ರೂಮಿನಲ್ಲಿದ್ದ ಹರಿಹರದ ಗೆಳೆಯ ಹೇಳಿದ, "ಲೇ, ರಜೆ ಅಂತ ಹೋಗು. ತಿರುಗಿ ಬರಬ್ಯಾಡ."

ಹಾಗೆ ಮಾತ್ರ ಮಾಡಬೇಡಿ. ಹೇಳದೆ ಏಳು ದಿನಕ್ಕಿಂತ ಜಾಸ್ತಿ ಬಾರದೇ ಹೋದರೆ ಕಂಪನಿ ಅಬ್‌ಸ್ಕಾಂಡಿಂಗ್, ಅಂದರೆ ಹೇಳದೆ ಓಡಿಹೋದ ಅಂತ ದೂರು, ಹಾಕಬಹುದು. ಆಮೇಲೆ ಒಂದು ವರ್ಷ ಅಲ್ಲಿ ಹೊಸ ವರ್ಕ್ ಪರ್ಮಿಟ್ ಸಿಗುವುದಿಲ್ಲ. ಬರಬೇಕಾದ ದುಡ್ಡಿಗೂ ಅಲೆದಾಟ.

ಮೊದಲು ಬರವಣಿಗೆಯಲ್ಲಿ ಕೇಳಿ. ಇಬ್ಬರೂ ಒಪ್ಪಿದರೆ ನೋಟಿಸ್ ಕಡಿಮೆ ಮಾಡಿಕೊಳ್ಳಬಹುದು, ಬಿಟ್ಟೇ ಬಿಡಬಹುದು. ಅದಕ್ಕೆ ಕಾನೂನಿನಲ್ಲೇ ಜಾಗ ಇದೆ. ನಾನು ಅವ್ವನ ಎಕ್ಸ್‌ರೇ ಸೇರಿಸಿ ಇಮೇಲ್ ಹಾಕಿದೆ. ಬಾಯಿಮಾತಿಗೆ ಬೆಲೆ ಇಲ್ಲ, ಮ್ಯಾನೇಜರ್ ಎಷ್ಟೇ ಒಳ್ಳೆಯವನಾದರೂ. ನನ್ನ ಕಂಪನಿ ಬಿಡಲು ಒಪ್ಪಿತು, ಆದರೆ ಉಳಿದ ದಿನದ ದುಡ್ಡು ಕಟ್ಟು ಅಂದಿತು.

ಈಗ ಲೆಕ್ಕ. ಇಲ್ಲೇ ಎಲ್ಲರೂ ಮೋಸ ಹೋಗುವುದು. ಗ್ರಾಚುಯಿಟಿ, ಅಂದರೆ ಕೆಲಸ ಬಿಡುವಾಗ ಸೇವೆಗೆ ಸಿಗುವ ಇಡಿಗಂಟು, ಬರುವುದು ಭತ್ಯೆ ಸೇರದ ಬೇಸಿಕ್ ಸಂಬಳದ ಮೇಲೆ. ಮೊದಲ ಐದು ವರ್ಷ, ಪ್ರತಿ ವರ್ಷಕ್ಕೆ 21 ದಿನದ್ದು. ನೋಟಿಸ್‌ಗೆ ಮುರಿದುಕೊಳ್ಳುವುದು ಮಾತ್ರ ಪೂರ್ತಿ ಸಂಬಳದ ಮೇಲೆ. ನನ್ನ ಬೇಸಿಕ್ 2,000 ದಿರ್ಹಂ, ಎಲ್ಲಾ ಸೇರಿ 3,500. ನಾಲ್ಕು ವರ್ಷದ ಗ್ರಾಚುಯಿಟಿ 5,600. 20 ದಿನ ಕೆಲಸ ಮಾಡಿದ್ದೆ, ಉಳಿದ 40 ದಿನಕ್ಕೆ 4,667 ಹೋಯಿತು. ಉಳಿದದ್ದು 933. ನಾಲ್ಕು ವರ್ಷದ ಬೆವರು! ಪುಣ್ಯಕ್ಕೆ 18 ದಿನ ರಜೆ ಉಳಿದಿತ್ತು, ಅದಕ್ಕೆ ಬೇಸಿಕ್ ಲೆಕ್ಕದಲ್ಲಿ 1,200 ಬಂತು. ರಾಜೀನಾಮೆ ಕೊಟ್ಟರೆ ಗ್ರಾಚುಯಿಟಿನೇ ಇಲ್ಲ ಅಂತ ಯಾರಾದರೂ ಹೆದರಿಸಿದರೆ ನಂಬಬೇಡಿ. 2022ರ ಫೆಬ್ರವರಿಯಲ್ಲಿ ಜಾರಿಗೆ ಬಂದ ಕಾನೂನಿನ ಪ್ರಕಾರ, ಒಂದು ವರ್ಷ ಮುಗಿಸಿದ್ದರೆ ನಾವಾಗಿಯೇ ಬಿಟ್ಟರೂ ಅದು ಬರಬೇಕು.

ಆರು ತಿಂಗಳ ಪ್ರೊಬೇಷನ್‌ನಲ್ಲಿ ಇದ್ದು ಊರಿಗೆ ಬರುವುದಾದರೆ 14 ದಿನದ ನೋಟಿಸ್ ಸಾಕು. ಮಾಲೀಕ ಸಂಬಳವನ್ನೇ ಕೊಡುತ್ತಿಲ್ಲ ಅಂದರೆ ನೋಟಿಸ್ ಇಲ್ಲದೆಯೂ ಬಿಡಬಹುದು. ಆದರೆ ಬಿಡುವುದಕ್ಕೆ 14 ಕೆಲಸದ ದಿನ ಮೊದಲು ಅಲ್ಲಿನ ಕಾರ್ಮಿಕ ಸಚಿವಾಲಯಕ್ಕೆ ತಿಳಿಸಿರಬೇಕು. ಮನೆಗೆಲಸದವರಿಗೆ ಬೇರೆ ಕಾನೂನು, ಡಿಐಎಫ್‌ಸಿ ಅನ್ನುವ ದುಬೈನ ಹಣಕಾಸು ವಲಯದ ಒಳಗಿನ ಕಂಪನಿಗಳಿಗೂ ಬೇರೆ.

ಕೊನೆಯ ದಿನ ಆಫೀಸಿನವರು ವರ್ಕ್ ಪರ್ಮಿಟ್ ರದ್ದು ಮಾಡುವ ಕ್ಯಾನ್ಸಲೇಷನ್ ಪೇಪರ್ ಮುಂದಿಟ್ಟರು. ಪೆನ್ನಿನ ಕ್ಯಾಪ್ ಕೂಡ ತೆಗೆದೇ ಕೊಟ್ಟರು, ಪಾಪ. ಆ ಹಾಳೆಯಲ್ಲಿ ಒಂದು ಸಾಲು ಇರುತ್ತದೆ: ನನಗೆ ಬರಬೇಕಾದ್ದೆಲ್ಲ ಬಂದಿದೆ. ದುಡ್ಡು ಬಂದಿರಲಿಲ್ಲ. "ಅಕೌಂಟಿಗೆ ಬೀಳಲಿ, ಸಹಿ ಮಾಡ್ತೀನಿ" ಅಂದೆ. ಮುಖ ಸಿಂಡರಿಸಿದರು, ಎರಡು ದಿನಕ್ಕೆ ಹಾಕಿದರು. ಕೆಲಸ ಮುಗಿದ 14 ದಿನದೊಳಗೆ ಬಾಕಿ ಚುಕ್ತಾ ಮಾಡಬೇಕು ಅನ್ನುವುದು ಅಲ್ಲಿನ ನಿಯಮ. ಪಾಸ್‌ಪೋರ್ಟ್ ಇಟ್ಟುಕೊಳ್ಳುವ ಹಕ್ಕೂ ಕಂಪನಿಗಿಲ್ಲ. ಕೊಡದಿದ್ದರೆ ಭಾರತದ ಕಾನ್ಸುಲೇಟ್‌ಗೆ ಹೋಗಿ, ಅಥವಾ ನಮ್ಮ ವಿದೇಶಾಂಗ ಸಚಿವಾಲಯದ ಮದದ್ ಪೋರ್ಟಲ್‌ನಲ್ಲಿ ದೂರು ಹಾಕಿ.

ಬ್ಯಾಂಕ್ ಸಾಲ, ಕ್ರೆಡಿಟ್ ಕಾರ್ಡ್ ಇದ್ದರೆ ತೀರಿಸಿಯೇ ಹೊರಡಿ. ಸಾಲದ ಕೇಸಿಗೆ ಏರ್‌ಪೋರ್ಟ್‌ನಲ್ಲೇ ತಡೆಯಬಹುದು.

ಇನ್ನೊಂದು ಮರೆತಿದ್ದೆ. ಅಲ್ಲಿನ ಸಿಮ್ ಬಂದ್ ಮಾಡಿಸುವ ಮುಂಚೆ ಬ್ಯಾಂಕಿನ ಓಟಿಪಿ ಕೆಲಸವೆಲ್ಲ ಮುಗಿಸಿಕೊಳ್ಳಿ. ನಾನು ಮುಗಿಸಿರಲಿಲ್ಲ. ನನ್ನ 140 ದಿರ್ಹಂ ಇನ್ನೂ ಅಲ್ಲೇ ಕೂತಿದೆ.